ಮೈಮೇಲೆ ಬಂದ ತಾಯಿಯನ್ನು ಕಳುಹಿಸಿಕೊಡುವ ಕ್ರಮ

ಹುಲಿಗೆಮ್ಮ ತಾಯಿ ನನ್ನ ಮೈಮೇಲೆ ಬರುವುದು ಮಂಗಳವಾರ ಮತ್ತು ಶುಕ್ರವಾರ, ಅದೂ ಸಂಜೆ ದೀಪ ಹಚ್ಚಿದ ಮೇಲೆ. ಉಳಿದ ಹೊತ್ತಿನಲ್ಲಿ ನಾನು ಕೊಪ್ಪಳ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಶಿಕ್ಷಕಿ. ಬೆಳಿಗ್ಗೆ ‘ಟೀಚರ್’ ಎಂದು ಮಾತನಾಡಿಸಿದ ಪಾಲಕರೇ ಸಂಜೆ ‘ಯವ್ವಾ’ ಎಂದು ಕಾಲಿಗೆ ಬೀಳುವುದುಂಟು. ನನಗಿಂತ ಮೊದಲು ತಾಯಿ ನಮ್ಮ ದೊಡ್ಡವ್ವನ ಮೈಮೇಲೆ ಬರುತ್ತಿದ್ದಳು. ದೊಡ್ಡವ್ವ ನನಗೆ ಹೇಳಿಕೊಟ್ಟದ್ದರಲ್ಲಿ ಕರೆಯುವ ವಿಷಯ ಸ್ವಲ್ಪ, ಕಳುಹಿಸುವ ವಿಷಯವೇ ಬಹಳ. “ಕರಿಯಾದು ಯಾರಿಗಾದ್ರೂ ಬರ್ತೈತಿ, ಕಳ್ಸಾದು ಕಲ್ಕೋಬೇಕವ್ವಾ” ಎಂದು ಅವಳು ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಮೈಮೇಲೆ ದೇವರು ಬರುವುದು ನಿಜವೋ ಮನಸ್ಸಿನ ಆಟವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ನಾನು ನಂಬಿದವಳು. ಆದರೆ ನಂಬುವವರೂ ನಂಬದವರೂ ಒಪ್ಪಬಹುದಾದ ಒಂದು ಸಂಗತಿಯಿದೆ: ಹೇಳಿಕೆ, ಅಂದರೆ ಮೈಮೇಲೆ ಬಂದ ದೇವರ ಮಾತು, ನುಡಿಯುವ ದೇಹ ಮಣ್ಣಿನದು, ಅದಕ್ಕೆ ದಣಿವುಂಟು, ಅದನ್ನು ತೊಳೆದು ಒಪ್ಪವಾಗಿ ಇಡದಿದ್ದರೆ ಅದು ಬೇಗ ಕೆಡುತ್ತದೆ.

ಯಾವ ಪೂಜೆಯೂ ಕಳಶ ಕದಲಿಸದೆ ಮುಗಿಯುವುದಿಲ್ಲ, ಕೂರಿಸಿದ ಗಣಪನನ್ನು ಕಳುಹಿಸದೆ ಯಾರೂ ಬಿಡುವುದಿಲ್ಲ. ಮನುಷ್ಯರ ಮೈಯ ವಿಷಯಕ್ಕೆ ಬಂದಾಗ ಮಾತ್ರ ಈ ಕಡೆಯ ಭಾಗವನ್ನು ನಮ್ಮ ಜನ ಮರೆತುಬಿಡುತ್ತಾರೆ. ಹೇಳಿಕೆ ಮುಗಿಯಿತು, ಕಾಯಿ ಒಡೆಯಿತು, ಕೇಳಲು ಬಂದವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಅಲ್ಲಿ ಬೆವೆತು ಕುಳಿತವಳು ಯಾವ ಸ್ಥಿತಿಯಲ್ಲಿದ್ದಾಳೆ ಎಂದು ನೋಡುವವರಿಲ್ಲ. ಮರುದಿನ ತಲೆನೋವು, ಭುಜದ ಮೇಲೆ ಮೂಟೆ ಹೊತ್ತಂಥ ಭಾರ, ಯಾರು ಮಾತನಾಡಿಸಿದರೂ ಅಳು. ಇದನ್ನು ಕೆಲವರು ಸೋಂಕು ಎನ್ನುತ್ತಾರೆ, ಕೆಲವರು ದೃಷ್ಟಿ ಎನ್ನುತ್ತಾರೆ. ನನ್ನ ಅನುಭವದಲ್ಲಿ ಇದರ ಬಹುಪಾಲು, ಸರಿಯಾಗಿ ಮುಗಿಸದೆ ಬಿಟ್ಟ ಕೆಲಸದ ಉಳಿಕೆ.

ಮೈ ಸೂಕ್ಷ್ಮವಾಗಿರುವವರಿಗೆ ಮೊದಲು ಬೇಕಾದದ್ದು ಯಾವ ನಡುಕ ಯಾವುದೆಂಬ ವಿವೇಚನೆ. ಮುಂಜಾನೆಯಿಂದ ಏನೂ ತಿನ್ನದೆ ಸಂಜೆ ದೇವರನ್ನು ಇಟ್ಟ ಜಗಲಿಯ ಮುಂದೆ ಕುಳಿತರೆ ಕೈಕಾಲು ನಡುಗುತ್ತವೆ, ತಣ್ಣನೆಯ ಬೆವರು ಬರುತ್ತದೆ; ಅದು ಹಸಿವು, ಒಂದು ಲೋಟ ಬೆಲ್ಲದ ಪಾನಕಕ್ಕೆ ಅದು ಇಳಿದುಹೋಗುತ್ತದೆ. ತಾಯಿಯ ಹಾಡಿಗೆ ನುಡಿಸುವ ತಂತಿವಾದ್ಯವಾದ ಚೌಡಿಕೆಯ ಲಯಕ್ಕೆ ಉಸಿರನ್ನು ಜೋರಾಗಿ ಎಳೆದು ಬಿಡುತ್ತಾ ಹೋದರೆ ತುಟಿ ಮತ್ತು ಬೆರಳ ತುದಿಗಳು ಜುಮುಗುಟ್ಟುತ್ತವೆ, ಕೈಬೆರಳುಗಳು ಸೆಟೆದುಕೊಳ್ಳುತ್ತವೆ. ಅದೂ ತಾಯಿಯಲ್ಲ, ಹಾಗೆ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆಂದು ನಮ್ಮೂರ ಆರೋಗ್ಯ ಕೇಂದ್ರದ ನರ್ಸ್ ನನಗೆ ಬಿಡಿಸಿ ಹೇಳಿದರು. ಈ ಎರಡನ್ನು ಪಕ್ಕಕ್ಕೆ ಇಟ್ಟ ಮೇಲೆ ಉಳಿಯುವುದನ್ನಷ್ಟೇ ನಾನು ತಾಯಿಯದೆಂದು ಒಪ್ಪುತ್ತೇನೆ, ಮತ್ತು ಅದು ಜನ ಎಣಿಸಿದಷ್ಟು ಅಬ್ಬರದ್ದಲ್ಲ. ಅಬ್ಬರ ಹೆಚ್ಚಾದಷ್ಟೂ ನನಗೆ ಅನುಮಾನ ಹೆಚ್ಚು.

ಕುಳಿತುಕೊಳ್ಳುವ ದಿನ ನಾನು ಪೂರ್ತಿ ಉಪವಾಸ ಮಾಡುವುದಿಲ್ಲ. ಮಧ್ಯಾಹ್ನ ಒಂದು ರೊಟ್ಟಿ, ಸಪ್ಪನೆಯ ಪಲ್ಯ, ಆಮೇಲೆ ನೀರು ಅಥವಾ ಮಜ್ಜಿಗೆ ಮಾತ್ರ. ಸಂಜೆ ಜಗಲಿಯ ಮುಂದೆ ಕಂಬಳಿ ಹಾಸಿ, ದೀಪ ಹಚ್ಚಿ, ಹಣೆಗೆ ಭಂಡಾರ, ಅಂದರೆ ಪೂಜೆಯ ಅರಿಶಿನ ಪುಡಿ, ಇಟ್ಟುಕೊಂಡು ಕೂರುತ್ತೇನೆ. ಕಿಟಕಿ ತೆರೆದೇ ಇರುತ್ತದೆ. ಎಷ್ಟು ಜನರ ಮಾತು ಕೇಳಬೇಕೆಂಬುದನ್ನು ನಾನು ಕೂರುವ ಮುಂಚೆಯೇ ನಮ್ಮ ನೆಗೆಣ್ಣಿ ಎಣಿಸಿ ಗೆರೆ ಹಾಕುತ್ತಾಳೆ. ಗೆರೆಯ ಆಚೆ ಉಳಿದವರು ಮುಂದಿನ ವಾರ ಬರಬೇಕು. ಎಷ್ಟೇ ದೂರದವರಾದರೂ, ಎಂಥ ದೊಡ್ಡ ಮನೆತನದವರಾದರೂ ಈ ನಿಯಮ ಸಡಿಲವಾಗುವುದಿಲ್ಲ. ಮೈಮೇಲೆ ಬಂದಾಗ ‘ಸಾಕು’ ಎಂದು ಹೇಳುವ ಶಕ್ತಿ ನನಗಿರುವುದಿಲ್ಲವಾದ್ದರಿಂದ ಆ ಅಧಿಕಾರವನ್ನು ಅವಳ ಕೈಗೆ ಕೊಟ್ಟಿದ್ದೇನೆ.

ಮುಗಿಸುವ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಡೆಯ ಹೇಳಿಕೆ ಆದೊಡನೆ ನೆಗೆಣ್ಣಿ ಮಂಗಳಾರತಿ ಮಾಡಿ, ನನ್ನ ಎರಡೂ ಅಂಗೈಗಳನ್ನು ನೆಲದ ಮೇಲೆ ಊರಿಸುತ್ತಾಳೆ. ನೆಲದ ಶಹಾಬಾದ್ ಕಲ್ಲು ತಣ್ಣಗಿರುತ್ತದೆ, ಆ ತಂಪು ಮೊಳಕೈಯವರೆಗೆ ಏರುವುದು ಗೊತ್ತಾಗುತ್ತದೆ. ಆಮೇಲೆ ಅವಳು ನನ್ನನ್ನು ತಾಯಿ ಎನ್ನುವುದಿಲ್ಲ. “ಯಕ್ಕಾ, ನೀರು ಕುಡಿ” ಎನ್ನುತ್ತಾಳೆ, “ನಾಳಿ ಏಳನೇ ಕ್ಲಾಸಿಗೆ ಏನ್ ಪಾಠ ಐತಿ?” ಎಂದು ಕೇಳುತ್ತಾಳೆ. ನಾನು ಪಾಠದ ಹೆಸರು ಹೇಳುವವರೆಗೆ ನನ್ನನ್ನು ಎದ್ದೇಳಲು ಬಿಡುವುದಿಲ್ಲ. ಕೆಲವೊಮ್ಮೆ ಆ ಹೆಸರು ನಾಲಿಗೆಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿಂದ ನೇರವಾಗಿ ಬಚ್ಚಲಿಗೆ. ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಹರಳುಪ್ಪು, ನಾಲ್ಕು ಎಳೆ ಬೇವಿನ ತಪ್ಪಲು. ಮೊದಲ ತಂಬಿಗೆ ಪಾದಕ್ಕೆ, ಆಮೇಲೆ ಮೊಣಕಾಲು, ಸೊಂಟ, ಭುಜ, ಕಡೆಗೆ ತಲೆ. ಆವೇಶ ಇಳಿದ ಮೈಗೆ ಒಮ್ಮೆಲೇ ತಲೆಯ ಮೇಲೆ ನೀರು ಸುರಿಯಬಾರದೆಂಬುದು ದೊಡ್ಡವ್ವನ ಕಟ್ಟಪ್ಪಣೆ. ಉಪ್ಪಿನ ನೀರು ಮುಗಿದ ಮೇಲೆ ಬರೀ ನೀರು. ಜಗಲಿಯ ಮುಂದೆ ಉಟ್ಟ ಹಸಿರು ಸೀರೆಯನ್ನು ಅಲ್ಲೇ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಶಾಲೆಗೆ ಉಡುವಂಥ ಸೀರೆ ಉಡುತ್ತೇನೆ. ನಂತರ ನುಚ್ಚು, ಮಜ್ಜಿಗೆ, ಜೊತೆಗೆ ಕಡಿದುಕೊಳ್ಳಲು ಒಂದು ಉಳ್ಳಾಗಡ್ಡಿ. ಮಡಿಯವರಿಗೆ ಉಳ್ಳಾಗಡ್ಡಿ ಸರಿಬರಲಿಕ್ಕಿಲ್ಲ, ಆದರೆ ಅದರ ಖಾರ ನನ್ನನ್ನು ನನ್ನ ಬಾಯಿಗೆ, ನನ್ನ ಮನೆಗೆ ವಾಪಸು ತರುವಷ್ಟು ಬೇಗ ಇನ್ನೊಂದು ತರುವುದಿಲ್ಲ.

ಈ ಕ್ರಮಕ್ಕೆ ನನ್ನ ಮಟ್ಟಿಗೆ ದೊಡ್ಡ ಮಾದರಿ ಮೈಲಾರದ ಕಾರಣಿಕ, ಅಂದರೆ ವರ್ಷಕ್ಕೊಮ್ಮೆ ನುಡಿಯುವ ದೈವವಾಣಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, 11 ದಿನ ಉಪವಾಸವಿದ್ದ, ಮೈಲಾರಲಿಂಗನ ಸೇವೆಯ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗೆ ನಿಂತವರು ಅವನನ್ನು ಹಿಡಿಯುತ್ತಾರೆ. ಆ ಸಾಲು ಮಳೆಗೋ ಬೆಳೆಗೋ ರಾಜಕಾರಣಕ್ಕೋ ಎಂದು ಜನ ವರ್ಷವಿಡೀ ಅರ್ಥ ಹುಡುಕುತ್ತಾರೆ. ನನ್ನ ಕಣ್ಣು ಹೋಗುವುದು ಹಿಡಿಯುವವರ ಕಡೆಗೆ. ಒಂದು ಸಾಲಿಗೆ ಅಷ್ಟು ದಿನಗಳ ಸಿದ್ಧತೆ, ಬೀಳುವುದು ಖಂಡಿತವೆಂದು ಮೊದಲೇ ತಿಳಿದು ಕೆಳಗೆ ನಿಂತ ಕೈಗಳು, ಆಮೇಲೆ ಮುಂದಿನ ಜಾತ್ರೆಯವರೆಗೆ ಮೌನ. ವಾರಕ್ಕೆ ಎರಡು ಸಲ ನುಡಿಯುವ ನಮ್ಮಂಥವರಿಗೆ ಹಿಡಿಯುವವರು ಇಲ್ಲದಿದ್ದರೆ ಹೇಗೆ? ಒಬ್ಬಂಟಿಯಾಗಿ ಮನೆಯಲ್ಲಿ ಕದ ಹಾಕಿಕೊಂಡು ಮೈದುಂಬಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಶುದ್ಧಿಗೆ ಬಳಸುವ ವಸ್ತುಗಳ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ರುಚಿಸುವುದಿಲ್ಲ. ಲೋಬಾನದ ಹೊಗೆ ಮನೆಯ ಮಬ್ಬನ್ನು ಕಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಕದ ಕಿಟಕಿ ಮುಚ್ಚಿ ಹೊಗೆ ಹಾಕಿದರೆ ಕಳೆಯುವುದು ಮಬ್ಬಲ್ಲ, ಉಸಿರು. ಉಬ್ಬಸ ಇರುವವರನ್ನು ಆ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂರಿಸುತ್ತೇನೆ. ಕರ್ಪೂರವನ್ನು ಬೆಳಗಲು ಮಾತ್ರ ಬಳಸುತ್ತೇನೆ, ಯಾರ ಬಾಯಿಗೂ ಹಾಕುವುದಿಲ್ಲ, ಮಕ್ಕಳ ಕೈಗೆ ಸಿಗುವಂತೆಯೂ ಇಡುವುದಿಲ್ಲ, ಏಕೆಂದರೆ ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ನಿವಾಳಿಸಿದ ನಿಂಬೆಹಣ್ಣನ್ನು ಮೂರು ದಾರಿ ಕೂಡುವಲ್ಲಿ ಎಸೆಯುವ ರೂಢಿಯನ್ನು ಬಿಟ್ಟು, ಹಿತ್ತಲಿನ ದಾಳಿಂಬೆ ಗಿಡದ ಬುಡದಲ್ಲಿ ಹೂಳುತ್ತೇನೆ. ನಮ್ಮ ಭಾರವನ್ನು ಇಳಿಸಿಕೊಳ್ಳಲು ದಾರಿಹೋಕರಲ್ಲಿ ಭಯ ಬಿತ್ತುವುದು ಯಾವ ಶುದ್ಧಿ?

ನದಿಯ ವಿಷಯವೂ ಹಾಗೆಯೇ. ಹುಲಿಗೆಮ್ಮ ತಾಯಿಯ ಗುಡಿಯಿರುವ ಹುಲಿಗಿ ಇರುವುದು ತುಂಗಭದ್ರಾ ಅಣೆಕಟ್ಟೆಯ ಕೆಳಗೆ, ಹೊಳೆಯ ದಂಡೆಯ ಮೇಲೆ. ಹುಣ್ಣಿಮೆಗೆ ಹೋದವರು ಮಿಂದು, ಉಟ್ಟ ಬಟ್ಟೆಯನ್ನು ಪೀಡೆಯ ಜೊತೆ ಹೊಳೆಗೇ ಬಿಟ್ಟು ಬರುತ್ತಾರೆ. ಬೇಸಿಗೆಯಲ್ಲಿ ಅಣೆಕಟ್ಟೆಯಿಂದ ನೀರು ಬಿಡದಿದ್ದಾಗ ಆ ಬಟ್ಟೆಗಳೆಲ್ಲ ಮಡುಗಟ್ಟಿದ ನೀರಿನಲ್ಲಿ ಕೊಳೆಯುತ್ತಿರುತ್ತವೆ, ಮರುದಿನ ಬಂದವರು ಅದರಲ್ಲೇ ಮೀಯುತ್ತಾರೆ. ನಾನು ಹೊಳೆಗೆ ಏನನ್ನೂ ಬಿಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಗಿ ಹೊಳೆ ದಂಡೆ ಮೀರುವ ಆತಂಕವಿದ್ದಾಗ, ಹೊಳೆಯ ಸ್ನಾನವಿಲ್ಲದೆ ತಾಯಿ ಇಳಿಯುವುದಿಲ್ಲವೆಂದು ನಂಬಿದ್ದ ಕೆಲವರು ಬಹಳ ಚಡಪಡಿಸಿದರು. ಮನೆಯ ಬಚ್ಚಲಿನ ನೀರಿಗೆ ಒಗ್ಗಿದ್ದ ನನಗೆ ಆ ವಾರವೂ ಬೇರೆ ವಾರದಂತೆಯೇ ಕಳೆಯಿತು. ಸಾವಿರಾರು ರೂಪಾಯಿ ಖರ್ಚಿನ ಶಾಂತಿ, ತಡೆ ಒಡೆಸುವ ಪೂಜೆ ಎಂದು ನಮ್ಮಂಥವರನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಉಪ್ಪು, ನೀರು, ಬೇವು, ನಿದ್ದೆ ಇವುಗಳಿಗೆ ಇಳಿಯದ ಭಾರ ದುಡ್ಡಿಗೆ ಇಳಿದದ್ದನ್ನು ನಾನು ಕಂಡಿಲ್ಲ.

ಇಷ್ಟಾದರೂ ಕೆಲವು ಸಂಕಟಗಳು ತೊಳೆದರೆ ಹೋಗುವಂಥವಲ್ಲ. ಎಡದಂಡೆ ಕಾಲುವೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಬಂದು ‘ನನ್ನ ಮಗ ಏನಾರ ಹೇಳ್ಯಾನೇನವ್ವಾ’ ಎಂದು ಕೇಳಿದಾಗ, ಆ ಪ್ರಶ್ನೆ ಸೀರೆಯ ಜೊತೆ ಬಕೆಟ್ಟಿಗೆ ಹೋಗುವುದಿಲ್ಲ. ಆದ್ದರಿಂದ ಸತ್ತವರ ಮಾತನ್ನು ಕೇಳುವ ಪ್ರಶ್ನೆಗಳನ್ನು ನಾನು ಜಗಲಿಯ ಮುಂದೆ ತೆಗೆದುಕೊಳ್ಳುವುದೇ ಇಲ್ಲ. ಅಂಥವರ ಜೊತೆ ಹೇಳಿಕೆಯೆಲ್ಲ ಮುಗಿದ ಮೇಲೆ, ಬರೀ ಹೆಣ್ಣುಮಗಳಾಗಿ, ಕಟ್ಟೆಯ ಮೇಲೆ ಕುಳಿತು ಅವರು ಹೇಳುವಷ್ಟು ಹೊತ್ತು ಕೇಳುತ್ತೇನೆ. ಕೇಳುವಾಗ ತಾಯಿಯ ಹೆಸರಿನಲ್ಲಿ ಒಂದು ಮಾತನ್ನೂ ಸೇರಿಸುವುದಿಲ್ಲ. ಕಳುವು, ಗಂಡ ಹೆಂಡಿರ ಶೀಲದ ಅನುಮಾನ, ಯಾರು ಮಾಟ ಮಾಡಿಸಿದರು ಎಂಬ ವಿಚಾರಣೆ ಇವು ಕೂಡ ಬೇಡ. ಒಂದು ಹೆಸರು ಬಾಯಿಂದ ಜಾರಿದರೆ ಒಂದು ಮನೆ ಹಾಳಾಗುತ್ತದೆ.

ಹಾವು ಕಡಿದವರನ್ನು ಗದ್ದೆಯಿಂದ ನೇರವಾಗಿ ಕರೆತಂದರೆ ಭಂಡಾರವನ್ನೂ ಹಚ್ಚದೆ ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಿಸುತ್ತೇನೆ. ಹಾವು, ನಾಯಿ, ಚೇಳು ಕಚ್ಚಿದವರ ಚಿಕಿತ್ಸೆ ತಡೆದು ಮಂತ್ರ ಹಾಕುವುದು ವಾಮಾಚಾರ ತಡೆಗೆ ರಾಜ್ಯ 2017ರಲ್ಲಿ ರೂಪಿಸಿ 2020ರ ಜನವರಿಯಲ್ಲಿ ಜಾರಿಗೆ ತಂದ ಕಾನೂನಿನಡಿ ಅಪರಾಧ. ಕಾನೂನು ಬರುವ ಮುಂಚೆಯೂ ದೊಡ್ಡವ್ವ ಅಂಥವರನ್ನು ಎತ್ತಿನ ಗಾಡಿಯಲ್ಲಿ ದವಾಖಾನೆಗೇ ಕಳುಹಿಸುತ್ತಿದ್ದಳು. ನಿದ್ದೆಗೆಟ್ಟು, ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತದೆ ಎನ್ನುವ ಹುಡುಗನೊಬ್ಬನನ್ನು ಸಿಂಧನೂರು ಕಡೆಯಿಂದ ಅವನ ತಂದೆತಾಯಿ ಕರೆತಂದಾಗ, ಮೈಮೇಲೆ ಬರುವುದೆಂದರೆ ಏನೆಂದು ಬಲ್ಲವಳಾದ್ದರಿಂದಲೇ ಇದು ಅದಲ್ಲವೆಂದು ನನಗೆ ಕೂಡಲೇ ತಿಳಿಯಿತು. ನಮ್ಮಲ್ಲಿ ಬಂದದ್ದು ಹೋಗುತ್ತದೆ, ಹೋದ ಮೇಲೆ ನಾವು ನಾವೇ ಆಗಿ ಮರುದಿನ ಕೆಲಸಕ್ಕೆ ಹೋಗುತ್ತೇವೆ. ಆ ಹುಡುಗನಿಗೆ ಬಿಡುವೇ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋಗಿರೆಂದು ಹೇಳಿ, ಫೋನಿನಲ್ಲೇ ಮಾತನಾಡಬಹುದಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ಹುಚ್ಚು ಎನ್ನಿಸಿಕೊಳ್ಳುವ ಅಂಜಿಕೆ ಅವರಿಗಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇದೇ ಬಳ್ಳಾರಿ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು, ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು, ಇದು ನಮ್ಮ ನೆಲದ್ದೇ ವೈದ್ಯ ಎಂದು ಹೇಳಿದಾಗ ತಂದೆಯ ಮುಖ ಸ್ವಲ್ಪ ಸಡಿಲವಾಯಿತು.

ವಾರದ ನಡುವಿನ ದಿನಗಳ ಶುದ್ಧಿ ಬಹಳ ಸಣ್ಣದು. ಶಾಲೆಯಿಂದ ಬಂದೊಡನೆ ಹೊರಗಿನ ನಲ್ಲಿಯಲ್ಲೇ ಕೈಕಾಲು ಮುಖ ತೊಳೆಯುವುದು, ರಾತ್ರಿ ಬೇಗ ಮಲಗುವುದು, ಮೊಬೈಲಿನಲ್ಲಿ ಯಾರಿಗೂ ಹೇಳಿಕೆ ಹೇಳದಿರುವುದು. ಮುಟ್ಟಿನ ದಿನಗಳಲ್ಲಿ ಜಗಲಿಯ ಮುಂದೆ ಕೂರುವುದಿಲ್ಲ. ದೊಡ್ಡವ್ವ ಅದನ್ನು ಮೈಲಿಗೆ ಎಂದಳು, ನಾನು ವಿಶ್ರಾಂತಿ ಎಂದು ಪಾಲಿಸುತ್ತೇನೆ. ಮದುವೆ ಮೆರವಣಿಗೆಯಲ್ಲಿ ಹಲಗೆ ಬಾರಿಸಿದರೆ ಈಗಲೂ ಹೊಟ್ಟೆಯೊಳಗಿನಿಂದ ನಡುಕ ಏಳುತ್ತದೆ. ಆಗ ಚಪ್ಪಲಿ ಕಳಚಿ ಪಾದಗಳನ್ನು ನೆಲಕ್ಕೆ ಒತ್ತಿ, ಎದುರಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಓದುತ್ತೇನೆ. ಕನ್ನಡ ಕಲಿಸುವವಳಾದ್ದರಿಂದ ಅವುಗಳ ಕಾಗುಣಿತದ ತಪ್ಪುಗಳೇ ನನ್ನನ್ನು ಈ ಲೋಕದಲ್ಲಿ ಹಿಡಿದು ನಿಲ್ಲಿಸಲು ಸಾಕಾಗುತ್ತವೆ.

ನನ್ನ ತಂಗಿಯ ಮಗಳಿಗೆ ಈ ಸಲದ ಹುಲಿಗಿ ಜಾತ್ರೆಯಲ್ಲಿ ಮೈ ನಡುಗಿತು. ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದಿದ್ದಳು, ಏನೂ ತಿಂದಿರಲಿಲ್ಲ. ತಾಯಿಯೋ ತಾಪವೋ ಎಂದು ನಿರ್ಧರಿಸುವ ಮುಂಚೆಯೇ ಸುತ್ತಲಿನವರು ಅವಳ ಕಾಲಿಗೆ ಬಿದ್ದು ಮಳೆ ಯಾವಾಗ ಎಂದು ಕೇಳತೊಡಗಿದರು. ಈಗ ಅವಳು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾಳೆ. ನಾನು ಅವಳಿಗೆ ಅಂಗೈ ನೆಲಕ್ಕೆ ಊರುವುದನ್ನು, ಪಾದದಿಂದ ನೀರು ಹಾಕಿಕೊಳ್ಳುವುದನ್ನು, ಹಸಿವಿನ ನಡುಕವನ್ನು ಗುರುತಿಸುವುದನ್ನು ಮಾತ್ರ ಹೇಳಿಕೊಡುತ್ತಿದ್ದೇನೆ. ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಅವಳನ್ನು ಜಗಲಿಯ ಮುಂದೆ ಕೂರಿಸಬಾರದು, ಅವಳೆದುರು ಚೌಡಿಕೆ ನುಡಿಸಬಾರದು ಎಂದು ಹೇಳಿಕಳುಹಿಸಿದ್ದೇನೆ. ತಂಗಿ ಒಪ್ಪಿದ್ದಾಳೆ, ಅವಳ ಅತ್ತೆ ಇನ್ನೂ ಒಪ್ಪಿಲ್ಲ.