ಮನೆಯಲ್ಲಿ ಆರೈಕೆ ಮಾಡುವವರಿಗೆ ಒಂದು ದಿನ ರಜೆ ಕೊಡುವುದು ಹೇಗೆ?

ಲಕ್ವಾ ಹೊಡೆದು ಮಲಗಿದ ಅಮ್ಮನನ್ನು ನೋಡಲು ಊರಿಂದ ಮಕ್ಕಳು, ನೆಂಟರು ಬರುತ್ತಾರೆ. ಸೇಬು ಕೊಡುತ್ತಾರೆ, ಅಮ್ಮನ ಆರೈಕೆ ಮಾಡುತ್ತಿರುವ ಅತ್ತಿಗೆ ಮಾಡಿಕೊಟ್ಟ ಕಾಫಿ ಕುಡಿಯುತ್ತಾರೆ, ಯಾವುದೋ ಎಣ್ಣೆ ಹಚ್ಚಿ ನೋಡಿ ಎನ್ನುತ್ತಾರೆ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ‘ಏನಾದ್ರೂ ಬೇಕಿದ್ರೆ ಹೇಳಿ ಅತ್ತಿಗೆ’ ಎಂಬ ಮಾತು ಬರುತ್ತದೆ. ಆ ಅತ್ತಿಗೆ ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. ನಿಜವಾಗಿ ಬಿಡುವು ಕೊಡಬೇಕೆಂದಿದ್ದರೆ ಹೀಗೆ ಮಾಡಿ.

1. ದಿನ ಗೊತ್ತು ಮಾಡಿ. ‘ಯಾವಾಗಾದ್ರೂ ಬರ್ತೀನಿ’ ಬೇಡ. ‘ಎರಡನೇ ಶನಿವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ನಾನಿರ್ತೀನಿ’ ಅನ್ನಿ.

2. ಕೆಲಸ ಕಲಿಯಿರಿ. ಎಲ್ಲರೂ ಎಡವುವುದು ಇಲ್ಲೇ. ಹಿಂದಿನ ದಿನವೇ ಹೋಗಿ, ಪಕ್ಕದಲ್ಲಿ ನಿಂತು ನೋಡಿ, ಬರೆದುಕೊಳ್ಳಿ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಸ್ಟ್ರಿಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಊಟ ಮಾಡಿಸುವುದು ಸುಲಭ ಅಂತ ಕಾಣುತ್ತದೆ, ಅಲ್ಲ. ನುಂಗಲು ಕಷ್ಟವಿರುವವರಿಗೆ ಗಂಜಿಗಿಂತ ನೀರೇ ಜಾಸ್ತಿ ನೆತ್ತಿಗೇರುತ್ತದೆ. ಎಷ್ಟು ಮಂದ ಮಾಡಿ ಕೊಡುತ್ತಾರೆ ನೋಡಿಕೊಳ್ಳಿ. ನೇರ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಸ್ವಾಧೀನವಿರುವ ಕಡೆಯಿಂದ ಚಿಕ್ಕ ಚಮಚದಲ್ಲಿ ಕೊಡಿ. ನುಂಗಿದ ಮೇಲೆಯೇ ಮುಂದಿನ ಚಮಚ. ಊಟವಾಗಿ ಅರ್ಧ ಗಂಟೆಯಾದರೂ ಮಲಗಿಸಬೇಡಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು. ಬೆನ್ನು, ಸೊಂಟದಡಿ ಅಡ್ಡಲಾಗಿ ಮಡಿಸಿ ಹಾಸಿದ ಹಳೇ ಕಾಟನ್ ಸೀರೆಯ ಅಂಚು ಹಿಡಿದು ಹೊರಳಿಸಿ. ಹಾಗೆ ಹೊರಳಿಸಿದಾಗೆಲ್ಲ ಸೊಂಟದ ಕೆಳಭಾಗ, ಹಿಮ್ಮಡಿ ನೋಡಿ. ಚರ್ಮ ಕೆಂಪಾಗಿ, ಬೆರಳಿಂದ ಒತ್ತಿದರೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಅಲ್ಲಿ ಉಜ್ಜಬೇಡಿ, ಭಾರ ಬೀಳದಂತೆ ಮಲಗಿಸಿ, ಡಾಕ್ಟರಿಗೆ ತಿಳಿಸಿ. ಗಾಳಿ ತುಂಬುವ ರಿಂಗ್ ದಿಂಬನ್ನಂತೂ ತರಲೇಬೇಡಿ, ಅದು ಸುತ್ತಲಿನ ಚರ್ಮಕ್ಕೆ ರಕ್ತ ಹೋಗುವುದನ್ನೇ ತಡೆಯುತ್ತದೆ. ಏರ್ ಬೆಡ್ ಒಳ್ಳೆಯದು, ಆದರೆ ಅದಿದೆ ಅಂತ ಹೊರಳಿಸುವ ಕೆಲಸ ತಪ್ಪುವುದಿಲ್ಲ.

ಏಜೆನ್ಸಿಯಿಂದ ಒಂದು ದಿನಕ್ಕೆ ಯಾರನ್ನಾದರೂ ಕಳಿಸಿಬಿಡೋಣ ಅನ್ನುವವರಿದ್ದಾರೆ. ಹೊಸಬರಿಗೆ ಎಲ್ಲ ತೋರಿಸಿಕೊಡುವಷ್ಟರಲ್ಲಿ ಅತ್ತಿಗೆಯ ರಜೆ ಮುಗಿದಿರುತ್ತದೆ.

3. ಆ ದಿನ ಫೋನ್ ಮಾಡಬೇಡಿ. ಜೀವಕ್ಕೆ ಸಂಬಂಧಿಸಿದ್ದಾದರೆ ಸರಿ, ಸಕ್ಕರೆ ಡಬ್ಬ ಎಲ್ಲಿದೆ ಅಂತ ಕೇಳಲು ಬೇಡ. ಅವರು ತವರಿಗೆ ಹೋಗಲಿ, ಸುಮ್ನೆ ಮಲಗಲಿ, ಲೆಕ್ಕ ಕೇಳಬೇಡಿ. ಬರುವಷ್ಟರಲ್ಲಿ ಪಾತ್ರೆ ತೊಳೆದಿರಲಿ.

4. ಕಚೇರಿ ಓಡಾಟ ನೀವು ವಹಿಸಿಕೊಳ್ಳಿ. ರೋಗಿಯನ್ನು ಬಿಟ್ಟು ಕ್ಯೂನಲ್ಲಿ ನಿಲ್ಲಲು ಅವರಿಗೆ ಆಗುವುದಿಲ್ಲ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯಾರೆಂದು ವಿಚಾರಿಸಿ, ಅಂಗವಿಕಲರ ಅರ್ಜಿಗಳಿಗೆ ನೆರವಾಗುವುದೇ ಅವರ ಕೆಲಸ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಎಂದು ನಮ್ಮ ರಾಜ್ಯದ 2024-25ರ ಬಜೆಟ್ ಘೋಷಿಸಿತು. ಲಕ್ವಾ ಆ ಪಟ್ಟಿಯಲ್ಲಿರಲಿಲ್ಲ. ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ. ಹಿರಿಯರ ಸೌಲಭ್ಯಗಳ ಮಾಹಿತಿಗೆ 14567, ಆರೈಕೆ ಮಾಡುವವರಿಗೇ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416.

ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಇಸ್ಕೊಂಡೇ ಬನ್ನಿ. ಇಲ್ಲದಿದ್ದರೆ ಮುಂದಿನ ಸಲ ಹೋದಾಗ ‘ಯಾವ ಅರ್ಜಿ?’ ಅಂತ ನಿಮ್ಮನ್ನೇ ಕೇಳುತ್ತಾರೆ.