ಮುಂಡಿಗೆಕೆರೆಯ ಬೆಳ್ಳಕ್ಕಿಗೆ ಕೊನೆಗೂ ಗರಿ ಬಂತು

ಶಿರಸಿ ಹತ್ತಿರದ ಸೋಂದಾ ಮುಂಡಿಗೆಕೆರೆಗೆ ಮೂರು ಭಾನುವಾರ ಹೋದರೂ ಫೋಟೊದಲ್ಲಿ ನನ್ನ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದ ಹಾಗೆ ಬರುತ್ತಿದ್ದವು. ಗರಿಯೇ ಇಲ್ಲ! ಲೆನ್ಸ್ ಅಗ್ಗದ್ದು, ಅದಕ್ಕೇ ಹೀಗೆ ಅಂದುಕೊಂಡು ಸುಮ್ನೆ ಬೈದುಕೊಂಡೆ.

ತಪ್ಪು ಲೆನ್ಸಿನದಲ್ಲ. ಹಕ್ಕಿ ಕೂತಿದ್ದು ಕಡುಹಸಿರು ಮುಂಡಿಗೆ ಪೊದೆಯ ಮೇಲೆ. ಫ್ರೇಮಿನಲ್ಲಿ ಕಪ್ಪೇ ಜಾಸ್ತಿ, ಅಲ್ವಾ? ಕ್ಯಾಮೆರಾ ಅದನ್ನು ನೋಡಿ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತಿತ್ತು. ಬಿಳಿ ಸುಟ್ಟುಹೋಗುತ್ತಿತ್ತು.

ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ನಾವೇ ಏರಿಸಿ ಇಳಿಸುವ ಸೆಟ್ಟಿಂಗನ್ನು, -1ಕ್ಕೆ ಇಳಿಸಿದೆ. ಸಾಲಲಿಲ್ಲ. -1.3ಕ್ಕೆ ಬೆನ್ನಿನ ನೂಲಿನಂಥ ಗರಿ ಎಳೆಎಳೆಯಾಗಿ ಕಂಡಿತು. ಪೊದೆ ಕಪ್ಪಾಯಿತು, ಆಗಲಿ ಬಿಡಿ. ಮಳೆಗಾಲದ ಮಬ್ಬಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಸೂಕ್ಷ್ಮತೆ) 800, ಶಟರ್ 1/1000 ಸೆಕೆಂಡ್.

ಟ್ರೈಪಾಡ್ ಇಲ್ಲ. ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಕಲ್ಲಿನ ಮೇಲಿಟ್ಟು ಲೆನ್ಸ್ ಊರಿದೆ. ಆ ಅಕ್ಕಿಯನ್ನು ವಾಪಸ್ ಡಬ್ಬಿಗೆ ಸುರಿದದ್ದನ್ನು ಆಯಿಗೆ ಹೇಳಿಲ್ಲ.