ಜರ್ಮನಿಯ ಯುದ್ಧಕಾಲದ 52ನೇ ಕ್ಲಾಸ್ ಸ್ಟೀಮ್ ಎಂಜಿನ್ ಗುರುತಿಸುವುದು ಹೇಗೆ?

ಮೊದಲು ಚಕ್ರ ಎಣಿಸಿ. ಮುಂದೆ ಚಿಕ್ಕವು ಒಂದು ಜೊತೆ, ಅದರ ಹಿಂದೆ ದೊಡ್ಡವು ಐದು ಜೊತೆ ಇರಬೇಕು. ಇಷ್ಟಕ್ಕೇ ನಿಲ್ಲಬೇಡಿ, ಇದರ ಅಣ್ಣನಂತಿರುವ 50ನೇ ಕ್ಲಾಸ್‌ಗೂ ಚಕ್ರ ಹೀಗೇ ಅಲ್ವಾ? ಆಮೇಲೆ ಟೆಂಡರ್ ನೋಡಿ, ಅಂದರೆ ಕಲ್ಲಿದ್ದಲು, ನೀರು ಹೊತ್ತು ಹಿಂದೆ ಬರುವ ಗಾಡಿ. ಅದರ ತಳ ಸ್ನಾನದ ತೊಟ್ಟಿಯ ಹಾಗೆ ದುಂಡಗಿದ್ದರೆ 52 ಇರುವ ಸಾಧ್ಯತೆ ಜಾಸ್ತಿ. ರಷ್ಯಾದ ಚಳಿ ತಡೆಯಲು ಡ್ರೈವರ್ ಕ್ಯಾಬ್ ಸುತ್ತಲೂ ಮುಚ್ಚಿರುತ್ತದೆ. 1942ರಿಂದ ಇವನ್ನು ಬೇಗ ಬೇಗ, ಕಡಿಮೆ ಲೋಹದಲ್ಲಿ ಕಟ್ಟಬೇಕೆಂದು 50ರಲ್ಲಿದ್ದ ಸಾವಿರದಷ್ಟು ಬಿಡಿಭಾಗಗಳನ್ನೇ ಕೈಬಿಟ್ಟು 6,000ಕ್ಕೂ ಹೆಚ್ಚು ಎಂಜಿನ್ ಮಾಡಿದರು, ದುಡಿದವರಲ್ಲಿ ಬಲವಂತದಿಂದ ತಂದ ಕೂಲಿಗಳೂ ಇದ್ದರು. ಪೋಲೆಂಡಿನಲ್ಲಾದರೆ ಫಲಕದಲ್ಲಿ 52 ಹುಡುಕಬೇಡಿ, ಅಲ್ಲಿ ಇದರ ಹೆಸರು ಟಿವೈ2.